ಕಡಲಡಿಯಲ್ಲಿ ಯಾವುದಕ್ಕೆ ಹೆದರಬೇಕು?



ಮೊದಲ ಸಲ ಸ್ಕೂಬಾ ಡೈವಿಂಗಿಗೆ ಹೊರಟವರು ದೋಣಿ ಹತ್ತುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ‘ಅಲ್ಲಿ ಶಾರ್ಕ್ ಇದೆಯಾ ಸಾರ್?’ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಈ ಪ್ರಶ್ನೆ ಕೇಳಿದ್ದೇನೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಲಕ್ಷದ್ವೀಪದ ಕದ್ಮತ್ತಿನಲ್ಲಿ ಕೇಳಿದ್ದೂ ಇದನ್ನೇ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ, ಎಷ್ಟಕ್ಕೆ ಇಳಿದಾಗ ಮೇಲೆ ಹೊರಡಬೇಕು, ಮೇಲೆ ಬರುವಾಗ ಉಸಿರು ಹೇಗಿರಬೇಕು ಎಂದು ತಾವಾಗಿ ಕೇಳುವವರು ತೀರ ಕಡಿಮೆ. ಹೇಳಿಕೊಡಲು ಕುಳಿತರೂ ಅರೆಮನಸ್ಸಿನಿಂದ ಕೇಳುತ್ತಾರೆ. ಶಾರ್ಕಿನ ಮಾತು ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತದೆ.

ಜೀವಶಾಸ್ತ್ರ ಪಾಠ ಮಾಡುತ್ತ, ರಜೆಯ ದಿನಗಳಲ್ಲಿ ಡೈವಿಂಗ್ ತರಬೇತಿಗೆ ನೆರವಾಗುತ್ತ ಬಂದ ನನ್ನನ್ನು ಈ ವಿಷಯ ಬಹಳ ಕಾಲದಿಂದ ಕಾಡುತ್ತಿದೆ. ಡೈವರ್‌ಗೆ ಯಾವುದು ಅಪಾಯವೆಂದು ತೋರುತ್ತದೆ, ಯಾವುದು ನಿಜವಾಗಿಯೂ ಅಪಾಯ, ಇವೆರಡೂ ಬೇರೆಬೇರೆಯಾದಾಗ ನಷ್ಟ ಯಾರಿಗೆ ಎಂಬುದೇ ಇಂದಿನ ನನ್ನ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಷ್ಟ ಇಬ್ಬರಿಗೂ ಇದೆ. ಭಯ ತಪ್ಪು ಜಾಗದಲ್ಲಿ ಕುಳಿತಿದ್ದರಿಂದ ಡೈವರ್‌ಗಳು ಸಾಯುತ್ತಾರೆ. ಶಾರ್ಕ್‌ಗಳು ಊಹೆಗೆ ನಿಲುಕದ ಸಂಖ್ಯೆಯಲ್ಲಿ ಸಾಯುತ್ತಿದ್ದರೂ ಅವುಗಳ ಪರ ಮಾತಾಡುವವರು ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಹಾಗೆಂದು ಹೆದರಬೇಡಿ ಎಂದು ಹೇಳಲು ನಾನಿಲ್ಲಿ ನಿಂತಿಲ್ಲ. ಕಡಲಿಗೆ ಇಳಿಯುವವನಿಗೆ ಹೆದರಿಕೆ ಬೇಕು. ಆದರೆ ಅದು ಸರಿಯಾದ ವಸ್ತುವಿನ ಮೇಲೆ ಇರಬೇಕು.

ಮೊದಲು ಡೈವರ್‌ಗಳ ಸಾವಿನ ಲೆಕ್ಕ ನೋಡೋಣ. ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಎಂಬ ಸಂಸ್ಥೆ ದಶಕಗಳಿಂದ ಡೈವಿಂಗ್ ಅಪಘಾತಗಳ ದಾಖಲೆ ಇಡುತ್ತ ಬಂದಿದೆ. ಅದರ ಸಂಶೋಧಕರು ಹವ್ಯಾಸಿ ಡೈವರ್‌ಗಳ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅನಾಹುತ ಎಲ್ಲಿಂದ ಶುರುವಾಯಿತು ಎಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ನೂರಕ್ಕೆ 41 ಸಲ ಅದು ಶುರುವಾದದ್ದು ಗಾಳಿ ಸಾಲದೆ ಹೋದದ್ದರಿಂದ. ನೂರಕ್ಕೆ 20ರಷ್ಟು ಎಲ್ಲೋ ಸಿಕ್ಕಿಹಾಕಿಕೊಂಡದ್ದರಿಂದ. ಆಮೇಲಿನದು ಸಲಕರಣೆಯ ತೊಂದರೆ. ಕೊನೆಗೆ ಪ್ರಾಣ ಹೋದದ್ದು ಹೆಚ್ಚಾಗಿ ಮೂರು ರೀತಿಯಲ್ಲಿ: ಉಸಿರುಗಟ್ಟಿ, ರಕ್ತನಾಳಕ್ಕೆ ಗಾಳಿಗುಳ್ಳೆ ನುಗ್ಗಿ, ಇಲ್ಲವೇ ಹೃದಯ ನಿಂತು. ಈ ಪಟ್ಟಿಯಲ್ಲಿ ಪ್ರಾಣಿಗಳನ್ನು ಹುಡುಕಬೇಕು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಶಾರ್ಕ್ ದಾಳಿಗಳ ಅಂತರರಾಷ್ಟ್ರೀಯ ಕಡತವೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಶುರುವಾದದ್ದು 1958ರಲ್ಲಿ. ಮನುಷ್ಯ ಕೆಣಕದೆ ನಡೆದ ಕಡಿತಗಳನ್ನು ಅವರು ಬೇರೆಯಾಗಿ ಎಣಿಸುತ್ತಾರೆ. 2024ರಲ್ಲಿ ಇಡೀ ಜಗತ್ತಿನಲ್ಲಿ ಅಂಥವು 47, ಸಾವು 4. ಅದರ ಹಿಂದಿನ ವರ್ಷ 69 ಕಡಿತ, 10 ಸಾವು. ಇವುಗಳಲ್ಲಿ ದೊಡ್ಡ ಪಾಲು ಅಲೆಹಲಗೆಯ ಮೇಲೆ ಆಡುವವರದು, ದಡದ ಬಳಿ ಈಜುವವರದು. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿದವರ ಪಾಲು ಬಹಳ ಸಣ್ಣದು. ನಮ್ಮ ದೇಶವೊಂದರಲ್ಲೇ ಕೆರೆ, ಬಾವಿ, ಹೊಳೆಗಳಲ್ಲಿ ಮುಳುಗಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಕೆರೆಯ ದಂಡೆಯಲ್ಲಿ ನಿಂತಾಗ ನಮಗ್ಯಾರಿಗೂ ಎದೆ ಡವಗುಟ್ಟುವುದಿಲ್ಲ.

ಆದರೆ ಅಂಕಿ ಹೇಳಿದ್ದರಿಂದ ಯಾರ ಭಯವೂ ಕಳೆದದ್ದನ್ನು ನಾನು ಕಂಡಿಲ್ಲ. ಅದು ಅಂಕಿಯಿಂದ ಬಂದದ್ದಲ್ಲ, ಅಂಕಿಯಿಂದ ಹೋಗುವುದೂ ಇಲ್ಲ. ಎಲ್ಲಿಂದ ಬಂತು ಎಂದು ನೋಡಬೇಕು.

ಒಂದು ಮೂಲ ನೀರೇ. ನೆಲದ ಮೇಲೆ ನಾವು ನಂಬಿಕೊಂಡ ಇಂದ್ರಿಯಗಳು ನೀರೊಳಗೆ ಬೇರೆಯದೇ ವರದಿ ಕೊಡುತ್ತವೆ. ಮಾಸ್ಕ್ ಹಾಕಿಕೊಂಡಾಗ ಕಣ್ಣಿನ ಮುಂದೆ ಗಾಳಿ ಇರುತ್ತದೆ, ಅದರಾಚೆ ನೀರು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ವಸ್ತುಗಳು ಕಾಲುಭಾಗ ಹತ್ತಿರಕ್ಕೆ ಬಂದಂತೆ, ಮೂರನೇ ಒಂದು ಭಾಗ ದೊಡ್ಡದಾದಂತೆ ಕಾಣುತ್ತವೆ. ನಾಲ್ಕು ಮೀಟರ್ ಆಚೆ ಇರುವ ಒಂದೂವರೆ ಮೀಟರ್ ಉದ್ದದ ಶಾರ್ಕ್, ಮೂರೇ ಮೀಟರ್ ದೂರದಲ್ಲಿರುವ ಎರಡು ಮೀಟರ್ ಉದ್ದದ ಶಾರ್ಕ್ ಆಗಿ ಕಾಣುತ್ತದೆ. ದಡಕ್ಕೆ ಬಂದ ಡೈವರ್ ಕೈ ಅಗಲಿಸಿ ಅಳತೆ ತೋರಿಸುವಾಗ ಸುಳ್ಳು ಹೇಳುತ್ತಿಲ್ಲ, ತಾನು ಕಂಡದ್ದನ್ನೇ ಹೇಳುತ್ತಿದ್ದಾನೆ.

ಕಿವಿಯ ಕಥೆಯೂ ಹಾಗೆಯೇ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಎರಡು ಕಿವಿಗಳಿಗೆ ಅದು ತಲುಪುವ ಹೊತ್ತಿನಲ್ಲಿ ಇರುವ ಸಣ್ಣ ವ್ಯತ್ಯಾಸದಿಂದ ದಿಕ್ಕು ಗುರುತಿಸುವುದು ನಮ್ಮ ಮಿದುಳಿನ ಅಭ್ಯಾಸ. ಇಷ್ಟು ವೇಗಕ್ಕೆ ಆ ಲೆಕ್ಕ ಕೆಟ್ಟುಹೋಗುತ್ತದೆ. ಸದ್ದು ಎಲ್ಲೆಡೆಯಿಂದಲೂ ಬಂದಂತೆ ಕೇಳುತ್ತದೆ. ಮಾಸ್ಕಿನ ಅಂಚು ಎಡಬಲದ ನೋಟವನ್ನು ತಿಂದುಹಾಕಿರುತ್ತದೆ, ಬೆನ್ನ ಹಿಂದೆ ಏನಿದೆ ಎಂದು ನೋಡಲು ಇಡೀ ದೇಹವನ್ನೇ ತಿರುಗಿಸಬೇಕು. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ಅಳಿಸಿಹೋಗುತ್ತದೆ, ಇಪ್ಪತ್ತು ಮೀಟರ್ ಆಳದಲ್ಲಿ ಬೆರಳು ಕುಯ್ದುಕೊಂಡರೆ ಬರುವ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ಈ ಸ್ಥಿತಿಯಲ್ಲಿ ಮನಸ್ಸು ತನಗೆ ಗೊತ್ತಿಲ್ಲದ ಜಾಗವನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲು ಸಾಮಗ್ರಿ ಬೇಕಲ್ಲ? ಅದನ್ನು ಒದಗಿಸಿದ್ದು ಸಿನಿಮಾ.

ಸಿನಿಮಾಕ್ಕೆ ಬರುವ ಮೊದಲು, ನೆನಪು ಭಯವನ್ನು ಹೇಗೆ ಬೆಳೆಸುತ್ತದೆ ಎಂದು ನೋಡೋಣ. ಮನೋವಿಜ್ಞಾನಿಗಳಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲಿ ತೋರಿಸಿಕೊಟ್ಟ ವಿಷಯ ಇದು: ಯಾವ ಘಟನೆಯ ಉದಾಹರಣೆ ಸುಲಭವಾಗಿ ನೆನಪಿಗೆ ಬರುತ್ತದೋ ಅದು ಹೆಚ್ಚಾಗಿ ನಡೆಯುತ್ತದೆ ಎಂದು ನಾವು ಅಂದಾಜು ಮಾಡುತ್ತೇವೆ. ಪಾಲ್ ಸ್ಲೋವಿಕ್ 1987ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಜನ ಅಪಾಯವನ್ನು ಸಾವಿನ ಎಣಿಕೆಯಿಂದ ಅಳೆಯುವುದಿಲ್ಲ. ಅದು ಎಷ್ಟು ಭೀಕರ, ಎಷ್ಟು ಅಪರಿಚಿತ, ನಮ್ಮ ಹಿಡಿತದಲ್ಲಿ ಇದೆಯೇ ಇಲ್ಲವೇ ಎಂಬುದರಿಂದ ಅಳೆಯುತ್ತಾರೆ. ಶಾರ್ಕಿನಲ್ಲಿ ಈ ಮೂರೂ ಸೇರಿಕೊಂಡಿವೆ. ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ತೋರಿಸುವ ಗೇಜ್ ಪರಿಚಿತ, ಅದು ನಮ್ಮದೇ ಕೈಯಲ್ಲಿದೆ, ಆದ್ದರಿಂದ ಅದಕ್ಕೆ ಯಾರೂ ಹೆದರುವುದಿಲ್ಲ.

ಸಿನಿಮಾದ ಮಾತಿಗೆ ಬಂದರೆ ಎಲ್ಲರೂ ‘ಜಾಸ್’ನಿಂದ ಶುರುಮಾಡುತ್ತಾರೆ. ನಾನು ಅದಕ್ಕಿಂತ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಡೈವರ್‌ಗಳೇ ಶಾರ್ಕನ್ನು ಹೇಗೆ ಕಂಡರು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ನೀರೊಳಗೆ ಉಸಿರಾಡುವ ಯಂತ್ರವನ್ನು ಎಮಿಲ್ ಗಾನ್ಯಾನ್ ಜೊತೆಗೂಡಿ ರೂಪಿಸಿದ ಜಾಕ್ ಕೂಸ್ಟೋ ಅವರು ಲೂಯಿ ಮಾಲ್ ಜೊತೆ ನಿರ್ದೇಶಿಸಿದ ‘ದಿ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಕಡಲಡಿಯ ಚೆಲುವನ್ನು ಕೋಟ್ಯಂತರ ಜನರಿಗೆ ಮೊದಲು ತೋರಿಸಿದ ಚಿತ್ರ ಅದು. ಅದರಲ್ಲಿ ಒಂದು ದೃಶ್ಯವಿದೆ. ಕೂಸ್ಟೋ ಅವರ ಹಡಗು ‘ಕ್ಯಾಲಿಪ್ಸೊ’ದ ಪ್ರೊಪೆಲರಿಗೆ ಸಿಕ್ಕಿ ಸ್ಪರ್ಮ್ ತಿಮಿಂಗಿಲದ ಮರಿಯೊಂದು ಗಾಯಗೊಳ್ಳುತ್ತದೆ. ಅದರ ರಕ್ತಕ್ಕೆ ಶಾರ್ಕ್‌ಗಳು ಬರುತ್ತವೆ. ಆಗ ಹಡಗಿನವರು ಸಿಟ್ಟಿಗೆದ್ದು ಶಾರ್ಕ್‌ಗಳನ್ನು ಕೊಕ್ಕೆ ಹಾಕಿ ಮೇಲಕ್ಕೆಳೆದು ಕೊಡಲಿಯಿಂದ ಕೊಚ್ಚುತ್ತಾರೆ. ಮರಿಯನ್ನು ಕೊಂದದ್ದು ಹಡಗು, ಶಿಕ್ಷೆ ಆದದ್ದು ಶಾರ್ಕಿಗೆ. ಅಂದಿನ ಪ್ರೇಕ್ಷಕರಿಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ. ಕಡಲನ್ನು ಅಷ್ಟು ಪ್ರೀತಿಸಿದ ಜನರ ಕಣ್ಣಿಗೇ ಶಾರ್ಕ್ ಶತ್ರುವಾಗಿ ಕಂಡಿತ್ತು ಎಂಬುದನ್ನು ನಾವು ಮರೆಯಬಾರದು.

ಹದಿನೈದು ವರ್ಷದಲ್ಲಿ ಗಾಳಿ ಸ್ವಲ್ಪ ತಿರುಗಿತು. 1971ರಲ್ಲಿ ಬಂದ ‘ಬ್ಲೂ ವಾಟರ್, ವೈಟ್ ಡೆತ್’ ಎಂಬ ಸಾಕ್ಷ್ಯಚಿತ್ರಕ್ಕಾಗಿ ಡೈವರ್‌ಗಳಾದ ಪೀಟರ್ ಗಿಂಬೆಲ್, ರಾನ್ ಟೇಲರ್, ವ್ಯಾಲೆರಿ ಟೇಲರ್, ಸ್ಟಾನ್ ವಾಟರ್‌ಮನ್ ದಕ್ಷಿಣ ಆಫ್ರಿಕದ ಡರ್ಬನ್ ಆಚೆಯ ಕಡಲಿಗೆ ಇಳಿದರು. ಸತ್ತ ತಿಮಿಂಗಿಲವೊಂದನ್ನು ಶಾರ್ಕ್‌ಗಳ ಗುಂಪು ತಿನ್ನುತ್ತಿತ್ತು. ಅವರು ಪಂಜರದ ಬಾಗಿಲು ತೆಗೆದು ಹೊರಗೆ ಬಂದರು. ಶಾರ್ಕ್‌ಗಳು ಬಂದು ಮೂತಿಯಿಂದ ಗುದ್ದಿ ನೋಡಿದವು. ಇವರೂ ತಿರುಗಿ ತಳ್ಳಿದರು. ತಳ್ಳಿದರೆ ದೂರ ಸರಿಯುತ್ತವೆ ಎಂದು ಗೊತ್ತಾಯಿತು. ಯಾರೂ ಅನುಕರಿಸಬಾರದ ಸಾಹಸ ಅದು. ಆದರೆ ರಕ್ತದ ವಾಸನೆಗೆ ಶಾರ್ಕ್ ಹುಚ್ಚಾಗಿ ಎದುರು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ ಎಂಬ ನಂಬಿಕೆಗೆ ಅಲ್ಲಿ ಮೊದಲ ಪೆಟ್ಟು ಬಿತ್ತು.

ಆ ಪೆಟ್ಟನ್ನು ಮರೆಸಿದ್ದು 1975ರ ‘ಜಾಸ್’. ಪೀಟರ್ ಬೆಂಚ್ಲಿ ಬರೆದ ಕಾದಂಬರಿ, ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನ. ಅದಕ್ಕೆ ಬೇಕಾದ ನಿಜವಾದ ಬಿಳಿ ಶಾರ್ಕಿನ ದೃಶ್ಯಗಳನ್ನು ದಕ್ಷಿಣ ಆಸ್ಟ್ರೇಲಿಯದಲ್ಲಿ ಚಿತ್ರೀಕರಿಸಿಕೊಟ್ಟವರು ಇದೇ ಟೇಲರ್ ದಂಪತಿ. ಶಾರ್ಕ್ ದೈತ್ಯವಾಗಿ ಕಾಣಲೆಂದು ಒಂದು ಸಣ್ಣ ಪಂಜರ ಮಾಡಿಸಿ, ಅದರೊಳಗೆ ಗಿಡ್ಡ ಮನುಷ್ಯನೊಬ್ಬನನ್ನು ಇಳಿಸಿದ್ದರು. ನೀರು ತಾನಾಗಿಯೇ ಹಿಗ್ಗಿಸಿ ತೋರಿಸುವುದನ್ನು ಸಿನಿಮಾ ಇನ್ನಷ್ಟು ಹಿಗ್ಗಿಸಿತು. ಶಾರ್ಕ್ ಸೇಡು ತೀರಿಸಿಕೊಳ್ಳುವಂತೆ ಒಬ್ಬೊಬ್ಬರನ್ನೇ ಹುಡುಕಿ ಕೊಲ್ಲುತ್ತದೆ ಎಂಬ ಕಲ್ಪನೆ ಅಲ್ಲಿಂದ ಜಗತ್ತಿನ ಎಲ್ಲ ಭಾಷೆಗಳಿಗೂ ಹೋಯಿತು. ಬೆಂಚ್ಲಿ 2006ರಲ್ಲಿ ತೀರಿಕೊಳ್ಳುವವರೆಗಿನ ಕೊನೆಯ ದಶಕಗಳನ್ನು ಶಾರ್ಕ್‌ಗಳ ರಕ್ಷಣೆಗಾಗಿ ಮಾತಾಡುತ್ತ, ಬರೆಯುತ್ತ ಕಳೆದರು. ಶಾರ್ಕನ್ನು ಹತ್ತಿರದಿಂದ ತಿಳಿದುಕೊಂಡ ಮೇಲೆ ಅಂಥ ಕಥೆಯನ್ನು ತಾನು ಬರೆಯಲಾರೆ ಎಂಬುದು ಅವರ ನಿಲುವಾಗಿತ್ತು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಮಾತು ಸಿನಿಮಾದಷ್ಟು ದೂರ ಹೋಗಲಿಲ್ಲ.

ಈಗ ಒಂದು ಹತ್ತಿರದ ಪ್ರಸಂಗ. ಕದ್ಮತ್ತಿನಲ್ಲಿ ಒಮ್ಮೆ, ಸುಮಾರು ಹನ್ನೆರಡು ಮೀಟರ್ ಆಳದಲ್ಲಿ, ಹವಳದ ಚಾಚಿನ ಕೆಳಗೆ ನರ್ಸ್ ಶಾರ್ಕ್ ಒಂದು ಮಲಗಿತ್ತು. ಹಗಲೆಲ್ಲ ಮರಳಿಗೆ ಹೊಟ್ಟೆಯೂರಿ ಮಲಗಿ ರಾತ್ರಿ ಏಡಿ, ಅಕ್ಟೋಪಸ್ ಹುಡುಕುವ ಜಾತಿ ಅದು. ನನ್ನ ಪಕ್ಕದಲ್ಲಿದ್ದ ಹೊಸ ಹುಡುಗ ಅದನ್ನು ಕಂಡ. ನನ್ನ ಗಮನ ಶಾರ್ಕಿನ ಕಡೆ ಇರಲಿಲ್ಲ, ಅವನ ಗುಳ್ಳೆಗಳ ಕಡೆ ಇತ್ತು. ಅದುವರೆಗೆ ಒಂದೇ ಸಮನೆ ಏಳುತ್ತಿದ್ದ ಗುಳ್ಳೆಗಳು ನಿಂತುಹೋದವು. ಉಸಿರು ಬಿಗಿಹಿಡಿದಿದ್ದ. ಮರುಕ್ಷಣ ಮುಖ ಮೇಲೆತ್ತಿ ಕಾಲು ಬಡಿಯಲು ಶುರುಮಾಡಿದ. ಜಾಕೆಟಿನ ಪಟ್ಟಿ ಹಿಡಿದು ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು, ಉಸಿರು ಬಿಡು ಎಂದು ಕೈಸನ್ನೆ ಮಾಡಿದೆ. ಗುಳ್ಳೆಗಳು ದಪ್ಪಗೆ ಉಕ್ಕಿ ಬಂದವು. ಆಮೇಲೆ ಅವನ ಗೇಜ್ ತಿರುಗಿಸಿ ನೋಡಿದರೆ ಮುಳ್ಳು ನನ್ನ ಅಂದಾಜಿಗಿಂತ ಎಷ್ಟೋ ಕೆಳಗಿತ್ತು. ಗಾಬರಿಯ ಉಸಿರಾಟ ಗಾಳಿಯನ್ನು ಹಾಗೆ ಕುಡಿಯುತ್ತದೆ. ಇಷ್ಟು ಹೊತ್ತೂ ಆ ಶಾರ್ಕ್ ಕಿವಿರು ಆಡಿಸುತ್ತ ಮಲಗಿದ್ದಲ್ಲೇ ಮಲಗಿತ್ತು.

ಆ ಹುಡುಗನಿಗೆ ಸಾವು ಎಷ್ಟು ಹತ್ತಿರ ಬಂದಿತ್ತು, ಯಾವ ದಿಕ್ಕಿನಿಂದ ಬಂದಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ತೆರೆದು ಬಿಡುತ್ತಿದ್ದರೆ ಏನೂ ತೊಂದರೆಯಿಲ್ಲ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳಿಗೆ. ಇದಕ್ಕೆ ಹತ್ತು ಮೀಟರ್ ಕೂಡ ಬೇಕಿಲ್ಲ, ಈಜುಕೊಳದ ಆಳ ಸಾಕು. ಆದ್ದರಿಂದಲೇ ಡೈವಿಂಗಿನಲ್ಲಿ ಕಲಿಸುವ ಮೊದಲ ನಿಯಮ, ಎಂದೂ ಉಸಿರು ಹಿಡಿಯಬೇಡ ಎಂಬುದು. ನಾನು ಮೊದಲು ಹೇಳಿದ 947 ಸಾವುಗಳಲ್ಲಿ ತುರ್ತಾಗಿ ಮೇಲಕ್ಕೆ ಧಾವಿಸಿದವರದು ದೊಡ್ಡ ಪಾಲು. ಶಾರ್ಕ್ ಕಂಡು ಹೀಗೆ ಧಾವಿಸಿದವನು ಸತ್ತರೆ ಕಡತದಲ್ಲಿ ಅದು ಶಾರ್ಕಿನ ಲೆಕ್ಕಕ್ಕೂ ಸೇರುವುದಿಲ್ಲ, ಭಯದ ಲೆಕ್ಕಕ್ಕೂ ಸೇರುವುದಿಲ್ಲ.

ಹಾಗಾದರೆ ಪ್ರಾಣಿಗಳಿಂದ ಅಪಾಯವೇ ಇಲ್ಲವೇ? ಇದೆ, ಮತ್ತು ಅದನ್ನು ಸರಿಯಾಗಿ ಗುರುತಿಸದೆ ಹೋಗುವುದೂ ಇದೇ ತಪ್ಪಿನ ಇನ್ನೊಂದು ಮುಖ. ಮಲೆನಾಡಿನವರಿಗೆ ಈ ಮಾತು ಬೇಗ ತಿಳಿಯುತ್ತದೆ. ಆಗುಂಬೆಯ ಸುತ್ತ ಕಾಳಿಂಗ ಸರ್ಪ ಕಂಡರೆ ಊರೇ ನೆರೆಯುತ್ತದೆ, ಆದರೆ ಅದು ಕಚ್ಚಿ ಸತ್ತವರು ಅಪರೂಪದಲ್ಲಿ ಅಪರೂಪ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನದು ತರಗೆಲೆಯಲ್ಲಿ ಮರೆಯಾಗಿರುವ ಕೊಳಕುಮಂಡಲ, ರಾತ್ರಿ ಹಾಸಿಗೆಯ ಬಳಿ ಹರಿಯುವ ಕಟ್ಟುಹಾವು, ನಾಗರ, ಗರಗಸ ಮಂಡಲಗಳದು. ಕಡಲಲ್ಲೂ ಕೈಗೆ ಕಾಲಿಗೆ ಅಪಾಯ ಮಾಡುವುದು ಕಣ್ಣಿಗೆ ಬೀಳದ್ದು. ಕಲ್ಲುಮೀನು ಹೆಸರಿಗೆ ತಕ್ಕಂತೆ ಪಾಚಿ ಹಿಡಿದ ಕಲ್ಲಿನ ಹಾಗೆ ಬಿದ್ದಿರುತ್ತದೆ. ಅದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ಸಿಂಹಮೀನು ಚೆಂದದ ಬೀಸಣಿಗೆಯಂತೆ ರೆಕ್ಕೆ ಬಿಚ್ಚಿ ನಿಂತಿರುತ್ತದೆ, ಅದರ ಮುಳ್ಳೂ ವಿಷವೇ. ಇವೆರಡೂ ಬೆನ್ನಟ್ಟಿ ಬರುವುದಿಲ್ಲ. ತೇಲುವಿಕೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾಗದೆ ಹವಳದ ಮೇಲೆ ಕೈಯೂರಿದವನು ಚುಚ್ಚಿಸಿಕೊಳ್ಳುತ್ತಾನೆ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ದೋಣಿಯಲ್ಲಿ ಒಂದು ಫ್ಲಾಸ್ಕ್ ಬಿಸಿನೀರು ಇರಲಿ ಎಂದು ನಾನು ಹಟಹಿಡಿಯುವುದು ಇದಕ್ಕೇ.

ಹಲ್ಲು ತೋರಿಸಿ ಬೆನ್ನಟ್ಟುವ ಮೀನೂ ಒಂದಿದೆ, ಟೈಟನ್ ಟ್ರಿಗರ್ ಮೀನು. ಮೊಟ್ಟೆ ಕಾಯುವ ಕಾಲದಲ್ಲಿ ಅದು ಶಾರ್ಕಿಗಿಂತ ಹೆಚ್ಚು ಡೈವರ್‌ಗಳನ್ನು ಕಚ್ಚಿ ಓಡಿಸಿದೆ ಎಂದು ಯಾವ ಅನುಭವಿ ಡೈವರ್ ಆದರೂ ಹೇಳುತ್ತಾನೆ. ಅದು ಕಾಯುವ ಗಡಿ ಗೂಡಿನಿಂದ ಮೇಲಕ್ಕೆ ಆಲಿಕೆಯ ಆಕಾರದಲ್ಲಿ ಅಗಲವಾಗುತ್ತ ಹೋಗುತ್ತದೆ. ಹೆದರಿದವನು ಸಹಜವಾಗಿ ಮೇಲಕ್ಕೆ ಈಜುತ್ತಾನೆ, ಈಜಿದಷ್ಟೂ ಅದರ ಗಡಿಯೊಳಗೇ ಇರುತ್ತಾನೆ. ಅಡ್ಡಕ್ಕೆ ಈಜಿದರೆ ಸ್ವಲ್ಪದರಲ್ಲೇ ಬಿಟ್ಟುಬಿಡುತ್ತದೆ. ಒಂದು ಸಣ್ಣ ತಿಳಿವಳಿಕೆ, ಭಯದ ಸಹಜ ಪ್ರತಿಕ್ರಿಯೆಗೆ ಪೂರ್ತಿ ವಿರುದ್ಧವಾದದ್ದು.

ಕಡಲಹಾವಿನ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ಹವಳ ದಿಬ್ಬದಲ್ಲಿ ಆಲಿವ್ ಬಣ್ಣದ ಕಡಲಹಾವುಗಳು ಡೈವರ್‌ಗಳ ಕಡೆ ನೇರವಾಗಿ ನುಗ್ಗಿ ಬರುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ. ದಾಳಿ ಎಂದೇ ಎಲ್ಲರೂ ನಂಬಿದ್ದರು. ಟಿಮ್ ಲಿಂಚ್ ಎಂಬ ಸಂಶೋಧಕರು 1990ರ ದಶಕದಲ್ಲಿ ಅಲ್ಲಿ ಡೈವ್ ಮಾಡುತ್ತ 158 ಮುಖಾಮುಖಿಗಳನ್ನು ದಾಖಲಿಸಿಟ್ಟಿದ್ದರು. ಅದರಲ್ಲಿ 74 ಸಲ ಹಾವು ಹತ್ತಿರಕ್ಕೆ ಬಂದಿತ್ತು. ಆ ದಾಖಲೆಯನ್ನು ರಿಕ್ ಶೈನ್ ಮುಂತಾದವರೊಂದಿಗೆ ವಿಶ್ಲೇಷಿಸಿ 2021ರಲ್ಲಿ ಪ್ರಕಟಿಸಿದಾಗ ಕಂಡದ್ದು ಬೇರೆ. ಬರುತ್ತಿದ್ದವು ಹೆಚ್ಚಾಗಿ ಗಂಡುಹಾವುಗಳು, ಅದೂ ಕೂಡುವ ಋತುವಿನಲ್ಲಿ. ನೀರಿನಲ್ಲಿ ಅವಕ್ಕೆ ದೃಷ್ಟಿ ಮಂದ. ಡೈವರ್‌ನನ್ನು ಹೆಣ್ಣು ಹಾವೆಂದು ತಪ್ಪು ತಿಳಿದು, ನಾಲಗೆ ಚಾಚಿ ಪರೀಕ್ಷಿಸಲು ಬರುತ್ತವೆ. ಆಗ ಓಡಿದರೆ ಹೆಣ್ಣು ಓಡಿದಂತೆಯೇ ಆಗಿ ಇನ್ನೂ ಬೆನ್ನಟ್ಟುತ್ತವೆ. ಸುಮ್ಮನೆ ನಿಂತರೆ ಮೂಸಿ ನೋಡಿ ಹೋಗುತ್ತವೆ. ಘಾತಕ ವಿಷದ ಪ್ರಾಣಿ, ನಿಜ. ಅದರ ಉದ್ದೇಶವನ್ನು ಮಾತ್ರ ನಾವು ನಮ್ಮ ಭಯದಿಂದ ಓದಿದ್ದೆವು.

ಶಾರ್ಕಿಗೂ ಓದಬಹುದಾದ ಭಾಷೆಯಿದೆ. ಬೂದು ಹವಳ ಶಾರ್ಕ್ ಸಿಟ್ಟಿಗೆದ್ದಾಗ ಬೆನ್ನು ಗೂನಾಗಿಸಿ, ಪಕ್ಕದ ರೆಕ್ಕೆಗಳನ್ನು ಕೆಳಗಿಳಿಸಿ, ಮೈಯನ್ನು ಅತಿಯಾಗಿ ಬಳುಕಿಸುತ್ತ ಈಜುತ್ತದೆ. ಸಂಶೋಧಕರಾದ ಡೊನಾಲ್ಡ್ ನೆಲ್ಸನ್ ಮತ್ತು ರಿಚರ್ಡ್ ಜಾನ್ಸನ್ 1973ರಲ್ಲಿ ಇದನ್ನು ವಿವರಿಸಿದರು. ನೆಲ್ಸನ್ ಆಮೇಲೆ ಒಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿ ಮಾಡಿಸಿ ಪೆಸಿಫಿಕ್ಕಿನ ಎನೆವೆಟಾಕ್ ದ್ವೀಪದ ಬಳಿ ಶಾರ್ಕ್‌ಗಳನ್ನು ಹಿಂಬಾಲಿಸಿದರು. ತಪ್ಪಿಸಿಕೊಳ್ಳಲು ದಾರಿ ಬಿಡದೆ ಅಟ್ಟಿದಾಗ ಅವು ಮೊದಲು ಎಚ್ಚರಿಸಿದವು, ಆಮೇಲೆ ಜಲಾಂತರ್ಗಾಮಿಯನ್ನೇ ಕಚ್ಚಿದವು. ಹಿಂದೆ ಸರಿ ಎಂದು ಅದು ಹೇಳುತ್ತಿರುವಾಗ ಕ್ಯಾಮೆರಾ ಹಿಡಿದು ಇನ್ನೂ ಮುಂದೆ ಹೋಗುವವನಿಗೆ ಆಗುವುದು ಇದೇ. ಮೀನು ಚುಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಈಜುವುದಂತೂ ಶಾರ್ಕನ್ನು ಕೈಬೀಸಿ ಕರೆದಂತೆ. ಆಸ್ಟ್ರೇಲಿಯದ ರಾಡ್ನಿ ಫಾಕ್ಸ್ 1963ರಲ್ಲಿ ಭರ್ಜಿಮೀನುಗಾರಿಕೆಯ ಸ್ಪರ್ಧೆಯಲ್ಲಿ ಇದ್ದಾಗಲೇ ಬಿಳಿ ಶಾರ್ಕಿನ ಬಾಯಿಗೆ ಸಿಕ್ಕರು. ಸಾವಿನ ದವಡೆಯಿಂದ ಬಂದ ಆ ಮನುಷ್ಯ ಆಮೇಲೆ ಪಂಜರದೊಳಗಿಂದ ಶಾರ್ಕ್ ನೋಡುವ ಪದ್ಧತಿಯನ್ನು ಬೆಳೆಸಿ, ಅವುಗಳ ರಕ್ಷಣೆಗೆ ತಮ್ಮ ಜೀವನವನ್ನೇ ಕೊಟ್ಟರು.

ಎಲ್ಲ ಪ್ರಾಣಿಗಳ ಬಗ್ಗೆಯೂ ಇದೇ ಮಾತು ಹೇಳಲಾರೆ. ಉಪ್ಪುನೀರಿನ ಮೊಸಳೆಗೆ ಮನುಷ್ಯ ಆಹಾರವೇ. 2010ರ ಏಪ್ರಿಲ್‌ನಲ್ಲಿ ಸ್ವರಾಜ್ ದ್ವೀಪದಲ್ಲಿ, ಆಗ ಅದರ ಹೆಸರು ಹ್ಯಾವ್‌ಲಾಕ್, ದಡದ ಹತ್ತಿರ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿತು. ಅಂಥ ಕಡೆ ಕಾಂಡ್ಲಾ ಕಾಡಿನ ಕೋಡಿಯ ಬಳಿ, ಸಂಜೆಯ ಹೊತ್ತು ನೀರಿಗೆ ಇಳಿಯಬಾರದು ಎಂದರೆ ಇಳಿಯಬಾರದು. ಅಲ್ಲಿ ಪ್ರಾಣಿಯ ಸ್ವಭಾವ ತಿಳಿಯುವುದೆಂದರೆ ದೂರ ಇರುವುದು. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆ ಇರುವ ಕಡೆ ದಂಡೆಗೆ ಇಳಿದು ಫೋಟೊ ತೆಗೆಸಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇವರಲ್ಲೇ ಎಷ್ಟೋ ಜನ ನೇತ್ರಾಣಿಯಲ್ಲಿ ಶಾರ್ಕಿಗೆ ಹೆದರಿ ನೀರಿಗಿಳಿಯುವುದಿಲ್ಲ.

ಹೆದರಿಕೆ ಪೂರ್ತಿ ಬಿಟ್ಟುಹೋದರೂ ಕಷ್ಟವೇ. ಶಾರ್ಕ್ ಸಾಧುಪ್ರಾಣಿ ಎಂದು ಒಮ್ಮೆ ನಂಬಿದವರು ಮುಟ್ಟುತ್ತಾರೆ, ಬಾಲ ಹಿಡಿಯುತ್ತಾರೆ, ಮೀನಿನ ತುಂಡು ಕೊಟ್ಟು ಕರೆಯುತ್ತಾರೆ. ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ 2010ರ ಡಿಸೆಂಬರ್ ಮೊದಲ ವಾರ ಕೆಲವೇ ದಿನಗಳಲ್ಲಿ ಹಲವರು ಗಾಯಗೊಂಡರು. ಅಧಿಕಾರಿಗಳು ಎರಡು ಶಾರ್ಕ್ ಹಿಡಿದು ಕೊಲ್ಲಿಸಿ, ಇನ್ನು ಭಯವಿಲ್ಲ ಎಂದು ಕಡಲತೀರ ತೆರೆದರು. ತೆರೆದ ಬೆನ್ನಿಗೇ ಜರ್ಮನಿಯ ಪ್ರವಾಸಿಯೊಬ್ಬರು ಸತ್ತರು. ಆಮೇಲೆ ಬಂದ ತಜ್ಞರು ಗುರುತಿಸಿದ ಸಂಭವನೀಯ ಕಾರಣಗಳಲ್ಲಿ ಜಾನುವಾರು ಸಾಗಿಸುವ ಹಡಗುಗಳಿಂದ ಎಸೆದ ಹೆಣಗಳಿದ್ದವು, ಶಾರ್ಕಿಗೆ ಕೈಯಿಂದ ತಿನಿಸು ಕೊಡುವ ಅಭ್ಯಾಸವೂ ಇತ್ತು. ವನ್ಯಜೀವಿ ಕಾರ್ಯಕ್ರಮಗಳ ನಿರೂಪಕ, ಆಸ್ಟ್ರೇಲಿಯದ ಸ್ಟೀವ್ ಅರ್ವಿನ್ ಅವರ ಸಾವು ಬೇರೆ ಬಗೆಯದು. 2006ರ ಸೆಪ್ಟೆಂಬರ್ 4ರಂದು ಬ್ಯಾಟ್ ರೀಫ್ ಬಳಿ ಆಳವಿಲ್ಲದ ನೀರಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ದೊಡ್ಡ ತೊರಕೆ ಮೀನೊಂದರ ಬಾಲದ ಮುಳ್ಳು ಅವರ ಎದೆಗೆ ನಾಟಿತು. ಆಮೇಲಿನ ವಾರಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ದಡಗಳಲ್ಲಿ ಬಾಲ ಕತ್ತರಿಸಿದ ತೊರಕೆಗಳ ಹೆಣಗಳು ಸಿಕ್ಕವು. ಪ್ರಾಣಿಗಳನ್ನು ಅಷ್ಟು ಪ್ರೀತಿಸಿದ ಮನುಷ್ಯನ ಹೆಸರಿನಲ್ಲಿ ಯಾರೋ ಸೇಡು ತೀರಿಸಿಕೊಂಡಿದ್ದರು.

ಸರ್ಕಾರಗಳೂ ಹೀಗೆ ಸೇಡು ತೀರಿಸಿಕೊಳ್ಳುತ್ತವೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಿಳಿ ಶಾರ್ಕಿನಿಂದ ಸರಣಿಯಾಗಿ ಸಾವುಗಳಾದಾಗ 2014ರಲ್ಲಿ ಅಲ್ಲಿನ ಸರ್ಕಾರ ಗಾಳ ಕಟ್ಟಿ ದೊಡ್ಡ ಶಾರ್ಕ್‌ಗಳನ್ನು ಕೊಲ್ಲಲು ಹೊರಟಿತು. ಮೂರು ತಿಂಗಳಲ್ಲಿ 172 ಶಾರ್ಕ್ ಸಿಕ್ಕವು. ಬಹುತೇಕ ಎಲ್ಲವೂ ಹುಲಿ ಶಾರ್ಕ್. ಯಾವುದಕ್ಕಾಗಿ ಗಾಳ ಹಾಕಿದ್ದರೋ ಆ ಬಿಳಿ ಶಾರ್ಕ್ ಒಂದೂ ಸಿಗಲಿಲ್ಲ. ಪರ್ತ್‌ನ ಕಡಲತೀರದಲ್ಲಿ ಸಾವಿರಾರು ಜನ ಸೇರಿ ಅದನ್ನು ವಿರೋಧಿಸಿದರು ಎಂಬುದು ಸಮಾಧಾನ ಕೊಡುವ ಸಂಗತಿ.

ಇನ್ನು ದೊಡ್ಡ ಲೆಕ್ಕ. ಕಡಲಜೀವಶಾಸ್ತ್ರಜ್ಞ ಬೋರಿಸ್ ವರ್ಮ್ ಮತ್ತು ಸಂಗಡಿಗರು 2013ರಲ್ಲಿ ಮಾಡಿದ ಅಂದಾಜಿನಂತೆ ಮನುಷ್ಯರು ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್ ಕೊಲ್ಲುತ್ತಾರೆ. 1970ರಿಂದೀಚೆಗೆ ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ನೂರಕ್ಕೆ 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನವೊಂದು ಹೇಳಿತು. ಇಷ್ಟನ್ನೂ ಭಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಲ್ಲುವುದು ರೆಕ್ಕೆಯ ವ್ಯಾಪಾರ, ಮಾಂಸ, ಬೇರೆ ಮೀನಿಗೆ ಹಾಕಿದ ಬಲೆ. ಆದರೆ ಹುಲಿ ಸತ್ತರೆ ಪತ್ರಿಕೆಯಲ್ಲಿ ಸುದ್ದಿಯಾಗುವ ನಮ್ಮ ದೇಶದಲ್ಲಿ ಶಾರ್ಕಿನ ಸಾವು ಯಾಕೆ ಯಾರನ್ನೂ ತಟ್ಟುವುದಿಲ್ಲ ಎಂದು ಕೇಳಿದರೆ, ಉತ್ತರದಲ್ಲಿ ಭಯದ ಪಾಲು ದೊಡ್ಡದಿದೆ. ಹೆದರಿಕೆ ಹುಟ್ಟಿಸುವ ಜೀವಿಯ ಪರವಾಗಿ ಮಾತಾಡುವವರು ಕಡಿಮೆ.

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಸಾಲಿನಲ್ಲಿದೆ. ನಮ್ಮ ಕರಾವಳಿಯಲ್ಲಿ ತಾಟೆ, ಮೋರಿ ಎಂದು ಕರೆಯುವ ಈ ಮೀನು ಅಡುಗೆಮನೆಗೆ ಹೊಸದಲ್ಲ. ಎದೆಹಾಲು ಹೆಚ್ಚುತ್ತದೆ ಎಂದು ಬಾಣಂತಿಗೆ ಮರಿ ಶಾರ್ಕಿನ ಸಾರು ಕೊಡುವ ರೂಢಿಯಿದೆ. ಆ ಮನೆಗಳಲ್ಲಿ ನಾನೂ ಊಟ ಮಾಡಿದ್ದೇನೆ, ಮೀನುಗಾರರನ್ನು ಅಪರಾಧಿಗಳೆಂದು ಕರೆಯುವ ಮಾತು ನನಗೆ ಒಪ್ಪಿಗೆಯಿಲ್ಲ. ಅವರ ಮನಸ್ಸು ಎಷ್ಟು ತಿರುಗಬಲ್ಲದು ಎಂಬುದಕ್ಕೆ ಗುಜರಾತ್ ಸಾಕ್ಷಿ. ಸೌರಾಷ್ಟ್ರದ ದಡದಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಕ್ಕೆ ಹಾಕಿ ಕೊಲ್ಲುತ್ತಿದ್ದುದನ್ನು ಮೈಕ್ ಪಾಂಡೆ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. 2001ರಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. 2004ರಲ್ಲಿ ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಕರೆದರು. ಅಲ್ಲಿಂದಾಚೆ ವೆರಾವಲ್‌ನ ಮೀನುಗಾರರು ಸಾವಿರಾರು ರೂಪಾಯಿಯ ಬಲೆಯನ್ನು ತಾವೇ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಬಿಟ್ಟಿದ್ದಾರೆ. ಇದು ಕಾನೂನಿನಿಂದ ಮಾತ್ರ ಆದದ್ದಲ್ಲ.

ಡೈವರ್‌ಗಳಿಗೆ ಇದರಲ್ಲಿ ಒಂದು ಕೆಲಸವಿದೆ. ಬದುಕಿರುವ ಶಾರ್ಕನ್ನು ಅದರ ಮನೆಯಲ್ಲೇ ನೋಡುವವರು ಮುಖ್ಯವಾಗಿ ಅವರೇ. ಮೀನುಗಾರರಿಗೂ ವಿಜ್ಞಾನಿಗಳಿಗೂ ಹೆಚ್ಚಾಗಿ ಸಿಗುವುದು ದಕ್ಕೆಯ ಮೇಲೆ ಬಿದ್ದ ಹೆಣ. ನೇತ್ರಾಣಿಯಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ದಿನವೂ ಜನ ನೀರಿಗೆ ಇಳಿಯುತ್ತಾರೆ. ಪ್ರತಿ ದೋಣಿಯಲ್ಲೂ ಕನ್ನಡದಲ್ಲಿ ಅಚ್ಚಾದ ಒಂದು ಪುಸ್ತಕ ಇರಬೇಕೆಂಬುದು ನನ್ನ ಬಹುದಿನಗಳ ಆಸೆ. ಮೊದಲ ಪುಟಗಳಲ್ಲಿ ಉಸಿರು, ಗೇಜ್, ನಿಧಾನವಾಗಿ ಮೇಲೇರುವುದು. ಆಮೇಲೆ ಅಲ್ಲಿನ ಪ್ರಾಣಿಗಳ ಚಿತ್ರ, ಯಾವುದರಿಂದ ಎಷ್ಟು ದೂರ ಇರಬೇಕು, ಚುಚ್ಚಿದರೆ ಏನು ಮಾಡಬೇಕು. ಉಳಿದದ್ದು ಖಾಲಿ ಹಾಳೆ: ಕಂಡ ಶಾರ್ಕ್ ಯಾವುದು, ಎಷ್ಟು ಆಳದಲ್ಲಿ, ಯಾವ ದಿನ, ಏನು ಮಾಡುತ್ತಿತ್ತು, ಅಂದಾಜು ಉದ್ದ ಎಷ್ಟು. ಉದ್ದ ಬರೆಯುವಾಗ ಕಂಡದ್ದರಲ್ಲಿ ಕಾಲುಭಾಗ ಕಳೆದು ಬರೆಯಬೇಕು ಎಂಬ ಸೂಚನೆಯೂ ಇರಲಿ. ಕಾರವಾರದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಹೊನ್ನಾವರ, ಭಟ್ಕಳ, ಕುಮಟಾಗಳಲ್ಲಿ ಕಾಲೇಜುಗಳಿವೆ. ಕೆಲವು ಋತುಗಳ ಹಾಳೆಗಳು ಒಟ್ಟಾದರೆ ಅಲ್ಲಿ ಶಾರ್ಕ್ ಹೆಚ್ಚುತ್ತಿದೆಯೇ, ಕಡಿಮೆಯಾಗುತ್ತಿದೆಯೇ ಎಂದು ಹೇಳಲು ಒಂದು ಆಧಾರ ಸಿಗುತ್ತದೆ. ಕರಡು ಪುಟಗಳನ್ನು ನಾನು ಸಿದ್ಧಮಾಡಿ ತಂದಿದ್ದೇನೆ. ಚಿತ್ರ ಬರೆಯಬಲ್ಲ, ಮೀನುಗಳ ಊರಿನ ಹೆಸರು ಬಲ್ಲ ವಿದ್ಯಾರ್ಥಿಗಳು ಬೇಕು. ಆಸಕ್ತಿ ಇರುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿ.